ಅಪರಾಧಶಾಸ್ತ್ರ ಓದಿದರೆ ಖಾಕಿ ಸಿಗುವುದೇ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆಯಾಗುತ್ತದೆ. ಈ ಸಲ ಪೊಲೀಸ್ ಠಾಣೆ, ಜೈಲು, ಪ್ರಯೋಗಾಲಯ ಎಂಬ ಪದಗಳು ಪತ್ರದಿಂದ ಪತ್ರಕ್ಕೆ ಕಾಣಿಸಿಕೊಂಡಿದ್ದರಿಂದ ಅಪರಾಧಶಾಸ್ತ್ರದ ಓದಿಗೆ ಸಂಬಂಧಿಸಿದ ಪ್ರಶ್ನೆಗಳನ್ನೆಲ್ಲ ಒಂದೆಡೆ ತಂದು ಉತ್ತರಿಸುತ್ತಿದ್ದೇನೆ. ಬರೆದವರಲ್ಲಿ ಇಬ್ಬರು ಮನೆಯವರಿಗೆ ತಿಳಿಸದೆ ಬರೆದಿರುವುದಾಗಿ ಹೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ, ಬಡಾವಣೆಯನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದೇನೆ. ಪಿಎಸ್‌ಐ ಆಗಬೇಕೆಂಬುದು ಹೈಸ್ಕೂಲಿನಿಂದಲೂ ಇರುವ ಆಸೆ. ಪ್ರವೇಶ ವಿಚಾರಿಸಲು ಹೋದ ಕಾಲೇಜೊಂದರಲ್ಲಿ, ಬಿ.ಎ.ಯಲ್ಲಿ ಅಪರಾಧಶಾಸ್ತ್ರ ತೆಗೆದುಕೊಂಡರೆ ಪೊಲೀಸ್ ಕೆಲಸ ಖಚಿತ ಎಂದರು. ಯಾವ ಡಿಗ್ರಿಯಾದರೂ ಸಾಕು ಎನ್ನುತ್ತಾರೆ ಚಿಕ್ಕಪ್ಪ. ಅಮ್ಮನಿಗೆ ನಾನು ಬಿ.ಇಡಿ. ಮಾಡಿ ಶಿಕ್ಷಕಿಯಾಗಬೇಕೆಂದಿದೆ. ಯಾರ ಮಾತು ಸರಿ?
— ವಿದ್ಯಾರ್ಥಿನಿ, ವಿಜಯನಗರ

ಉತ್ತರ: ನಿಯಮದ ಮಟ್ಟಿಗೆ ನಿಮ್ಮ ಚಿಕ್ಕಪ್ಪನ ಮಾತೇ ಸರಿ. ಕರ್ನಾಟಕದಲ್ಲಿ ಪಿಎಸ್‌ಐ ಹುದ್ದೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಸಾಕಾಗುತ್ತದೆ. ದೇಹದಾರ್ಢ್ಯ ಮತ್ತು ಸಹಿಷ್ಣುತೆ ಪರೀಕ್ಷೆಗಳಲ್ಲಿ ಉತ್ತೀರ್ಣರಾದವರಿಗೆ ಎರಡು ಲಿಖಿತ ಪತ್ರಿಕೆಗಳಿರುತ್ತವೆ. ಪ್ರಬಂಧ, ಸಾರಾಂಶ ಬರಹ ಮತ್ತು ಭಾಷಾಂತರದ ಮೊದಲ ಪತ್ರಿಕೆಗೆ 50 ಅಂಕ, ಸಾಮಾನ್ಯ ಜ್ಞಾನದ ಎರಡನೆಯದಕ್ಕೆ 150 ಅಂಕ. ಈ 200ರಲ್ಲಿ ಅಪರಾಧಶಾಸ್ತ್ರ ಓದಿದವರಿಗೆಂದು ಒಂದು ಅಂಕವೂ ಮೀಸಲಿಲ್ಲ. ಡಿವೈಎಸ್‌ಪಿ ಆಗಬೇಕಾದರೆ ಕೆಪಿಎಸ್‌ಸಿ, ಐಪಿಎಸ್ ಆಗಬೇಕಾದರೆ ಯುಪಿಎಸ್‌ಸಿ ಪರೀಕ್ಷೆ ಬರೆಯಬೇಕು. ಅಲ್ಲಿಯೂ ಪದವಿ ಯಾವ ವಿಷಯದ್ದು ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ 'ಕೆಲಸ ಖಚಿತ' ಎಂದ ಕಾಲೇಜಿನವರನ್ನು, ಆ ಮಾತನ್ನು ಕಾಲೇಜಿನ ಲೆಟರ್‌ಹೆಡ್ ಮೇಲೆ ಬರೆದುಕೊಡಿ ಎಂದು ಕೇಳಿ ನೋಡಿ. ಬರೆದುಕೊಡುವವರನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಅಪರಾಧಶಾಸ್ತ್ರ ಓದುವುದು ವ್ಯರ್ಥವೇ ಎಂದರೆ, ಅಲ್ಲ. ಅದು ಕೆಲಸ ಕೊಡಿಸುವ ವಿದ್ಯೆಯಲ್ಲ, ಕೆಲಸ ಸಿಕ್ಕ ಮೇಲೆ ಬಳಕೆಗೆ ಬರುವ ವಿದ್ಯೆ. ನಮ್ಮ ಬೆಂಗಳೂರಿನ ಸರಗಳ್ಳತನವನ್ನೇ ತೆಗೆದುಕೊಳ್ಳೋಣ. ಬೆಳಗಿನ ಹೊತ್ತು ಮನೆಯ ಮುಂದೆ ರಂಗೋಲಿ ಹಾಕುತ್ತಿರುವ, ಇಲ್ಲವೇ ಪಾರ್ಕಿಗೆ ನಡೆದು ಹೋಗುತ್ತಿರುವ ಹೆಂಗಸಿನ ಕೊರಳಿಗೆ ಬೈಕಿನಲ್ಲಿ ಬಂದ ಇಬ್ಬರು ಕೈ ಹಾಕುತ್ತಾರೆ. ಕಳ್ಳ ಯಾರು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟ ತನಿಖಾಧಿಕಾರಿ ಹಳೆಯ ಆರೋಪಿಗಳ ಪಟ್ಟಿ ತೆಗೆದು ಒಬ್ಬೊಬ್ಬರನ್ನೇ ಠಾಣೆಗೆ ಕರೆಸುತ್ತಾರೆ. ಅಪರಾಧಶಾಸ್ತ್ರ ಓದಿದವರಿಗೆ ಇದರ ಜೊತೆಗೆ ಇನ್ನೂ ಎರಡು ಪ್ರಶ್ನೆಗಳು ಹೊಳೆಯಬೇಕು. ಅಪರಾಧ ಎಸಗಲು ಮನಸ್ಸುಳ್ಳವನು, ಕೈಗೆಟುಕುವ ಗುರಿ ಮತ್ತು ಕಾಯುವವರ ಗೈರುಹಾಜರಿ, ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದಾಗ ಅಪರಾಧ ನಡೆಯುತ್ತದೆ ಎಂದು ಲಾರೆನ್ಸ್ ಕೊಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ವಿದ್ವಾಂಸರು 1979ರಲ್ಲಿ ವಾದಿಸಿದರು. ಮೊದಲನೆಯವನು ಯಾರೆಂದು ತಿಳಿಯದಿದ್ದರೂ ಉಳಿದ ಎರಡು ಠಾಣೆಯ ಕೈಯಲ್ಲೇ ಇವೆ: ಯಾವ ಅಡ್ಡರಸ್ತೆ ನೇರವಾಗಿ ರಿಂಗ್ ರಸ್ತೆಗೆ ಕೂಡುತ್ತದೆ, ಯಾವ ಬೀದಿದೀಪ ತಿಂಗಳಿಂದ ಉರಿಯುತ್ತಿಲ್ಲ, ಬೀಟ್ ಪೊಲೀಸರು ಪಾಳಿ ಬದಲಿಸುವ ಹೊತ್ತಿಗೂ ರಂಗೋಲಿಯ ಹೊತ್ತಿಗೂ ಏನಾದರೂ ನಂಟಿದೆಯೇ? ಸರ ಕಿತ್ತುಕೊಳ್ಳುವಂಥ ಕೃತ್ಯವನ್ನು ಭಾರತೀಯ ನ್ಯಾಯ ಸಂಹಿತೆಯ 304ನೆಯ ಸೆಕ್ಷನ್ ಈಗ ಪ್ರತ್ಯೇಕ ಅಪರಾಧವೆಂದೇ ಗುರುತಿಸಿದೆ. ಸೆಕ್ಷನ್ನು ಸಿಕ್ಕಿಬಿದ್ದವನನ್ನು ಶಿಕ್ಷಿಸುತ್ತದೆ. ಮರುದಿನ ಅದೇ ಬೀದಿಯಲ್ಲಿ ಇನ್ನೊಂದು ಸರ ಹೋಗದಂತೆ ತಡೆಯುವುದು ಅದರಿಂದ ಆಗುವ ಕೆಲಸವಲ್ಲ.

ಇನ್ನೊಂದು ಕಾರಣವೂ ಇದೆ, ಇದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಇಟಲಿಯ ಚೆಸಾರೆ ಲೊಂಬ್ರೋಸೊ ಎಂಬ ವೈದ್ಯ 1876ರಲ್ಲಿ, ಅಪರಾಧಿಗಳು ಹುಟ್ಟಿನಿಂದಲೇ ಹಾಗಿರುತ್ತಾರೆ, ಅವರ ದವಡೆ, ಕಿವಿ, ತಲೆಬುರುಡೆಗಳಲ್ಲೇ ಅದು ಕಾಣುತ್ತದೆ ಎಂದು ಬರೆದ. ಆ ವಾದ ಬಿದ್ದುಹೋಗಿ ಬಹಳ ಕಾಲವಾಯಿತು. ಆದರೆ ಅವನು ಬರೆಯುವುದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ನಮ್ಮಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದು ಇಡೀ ಸಮುದಾಯಗಳಿಗೆ ಹುಟ್ಟಾ ಕಳ್ಳರೆಂಬ ಹಣೆಪಟ್ಟಿ ಹಚ್ಚಿತ್ತು. ಹುಬ್ಬಳ್ಳಿಯಂಥ ಊರುಗಳಲ್ಲಿ ಅವರನ್ನು ಕೂಡಿಹಾಕಿದ್ದ ಜಾಗಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಕಾಯ್ದೆ 1952ರಲ್ಲಿ ರದ್ದಾಯಿತು, ಸಂಶಯ ರದ್ದಾಗಲಿಲ್ಲ. ಕೈದಿಗಳಿಗೆ ಜಾತಿ ನೋಡಿ ಕೆಲಸ ಹಂಚುವ, ಆ ಪಟ್ಟಿಯಿಂದ ಹೊರಬಂದ ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಜೈಲು ನಿಯಮಗಳು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ. ನಾಳೆ ನೀವು ಠಾಣೆಯೊಂದರ ಉಸ್ತುವಾರಿ ವಹಿಸಿಕೊಂಡು, ಕಳ್ಳತನವಾದ ರಾತ್ರಿ ಯಾರನ್ನು ಮೊದಲು ಕರೆತರಬೇಕೆಂದು ತೀರ್ಮಾನಿಸುವ ಕುರ್ಚಿಯಲ್ಲಿ ಕುಳಿತಾಗ, ಈ ಚರಿತ್ರೆ ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ಒಬ್ಬ ನಿರಪರಾಧಿಯ ಬೆನ್ನಿನಷ್ಟು ವ್ಯತ್ಯಾಸವಿರುತ್ತದೆ.

ಇನ್ನು ಲೆಕ್ಕಾಚಾರದ ಮಾತು. ಪಿಎಸ್‌ಐ ನೇಮಕಾತಿಯನ್ನು ನಂಬಿ ಬೇರೆ ದಾರಿಗಳನ್ನೆಲ್ಲ ಮುಚ್ಚಿಕೊಳ್ಳಬೇಡಿ. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರು ಕೂಡ ಆ ಎರಡು ವರ್ಷಗಳನ್ನು ಕಳೆದುಕೊಂಡರು. ಅಂಥ ಕಾಯುವ ಕಾಲದಲ್ಲಿ ಕೈಹಿಡಿಯುವಂತಿರಬೇಕು ನಿಮ್ಮ ಪದವಿ. ಪದವಿಯಲ್ಲಿ ಸಾಮಾನ್ಯ ವರ್ಗದವರು ಶೇ 45 ಅಂಕ ಗಳಿಸಿದರೆ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸೇರಬಹುದು. ಅಮ್ಮನ ಆಸೆಯನ್ನೂ ಪೂರ್ತಿ ತಳ್ಳಿಹಾಕಬೇಕಿಲ್ಲ: ಬಿ.ಇಡಿ.ಗೆ ಶಾಲೆಯಲ್ಲಿ ಬೋಧಿಸುವ ವಿಷಯಗಳನ್ನು ಪದವಿಯಲ್ಲಿ ಓದಿರಬೇಕಾಗುವುದರಿಂದ, ಅಪರಾಧಶಾಸ್ತ್ರ ತೆಗೆದುಕೊಳ್ಳುವುದಾದರೆ ಜೊತೆಗೆ ಇತಿಹಾಸದಂಥ ವಿಷಯ ಇರುವಂತೆ ನೋಡಿಕೊಳ್ಳಿ.

ಕಾಲೇಜಿನ ಆಯ್ಕೆಗೆ ನಾನು ಬಳಸುವ ಒಂದು ಸಣ್ಣ ಪರೀಕ್ಷೆಯನ್ನು ಹೇಳುತ್ತೇನೆ. ಪಠ್ಯಕ್ರಮವನ್ನು ಕೇಳಿ ಪಡೆದು, ಕೊಲೆಗೆ ಯಾವ ಸೆಕ್ಷನ್ ಬರೆದಿದ್ದಾರೆ ನೋಡಿ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ನ್ಯಾಯ ಸಂಹಿತೆ ಬಂದು, 302 ಇದ್ದದ್ದು 103 ಆಗಿದೆ, ಬಾಯಿಮಾತಾಗಿದ್ದ 420 ಈಗ 318. ಹಳೆಯ ಸಂಖ್ಯೆಗಳನ್ನಷ್ಟೇ ಹಿಡಿದುಕೊಂಡು ಕುಳಿತ ವಿಭಾಗಕ್ಕೆ ಶುಲ್ಕ ಕಟ್ಟಬೇಡಿ. ನಿಮ್ಮ ಮನೆಗೆ ಹತ್ತಿರದಲ್ಲಿ, ಕಾಯಂ ಅಧ್ಯಾಪಕರಿರುವ ಕಾಲೇಜಿನಲ್ಲಿ ಈ ವಿಷಯ ಸಿಕ್ಕರೆ ಸಮಾಜಶಾಸ್ತ್ರ ಅಥವಾ ಮನಃಶಾಸ್ತ್ರದ ಜೊತೆ ತೆಗೆದುಕೊಳ್ಳಿ. ಸಿಗದಿದ್ದರೆ ಅದೊಂದಕ್ಕಾಗಿ ಲಕ್ಷಗಟ್ಟಲೆ ಸುರಿಯಬೇಡಿ. ಸಮಾಜಶಾಸ್ತ್ರವನ್ನು ಚೆನ್ನಾಗಿ ಓದಿದವರು ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ (ಫೊರೆನ್ಸಿಕ್ ಸೈನ್ಸ್) ವಿಭಾಗದಂಥ ಕಡೆ ಸ್ನಾತಕೋತ್ತರ ಮಟ್ಟದಲ್ಲಿ ಈ ವಿಷಯಕ್ಕೆ ಬರುವ ಬಗ್ಗೆ ಯೋಚಿಸಬಹುದು.

ಪ್ರಶ್ನೆ: ನನ್ನ ಮಗ ಪಿಯುಸಿ ವಿಜ್ಞಾನ ಮುಗಿಸಿದ್ದಾನೆ. ಟಿ.ವಿ.ಯಲ್ಲಿ ಅಪರಾಧ ಧಾರಾವಾಹಿಗಳನ್ನು ಬಿಡದೆ ನೋಡುತ್ತಾನೆ. ಅಪರಾಧಶಾಸ್ತ್ರ ಓದಿ ಫೊರೆನ್ಸಿಕ್ ಲ್ಯಾಬ್ ಸೇರುತ್ತೇನೆ ಎನ್ನುತ್ತಾನೆ. ಇವೆರಡೂ ಒಂದೇ ಓದೇ?
— ತಂದೆ, ಯಲಹಂಕ

ಉತ್ತರ: ಒಂದೇ ಅಲ್ಲ, ಮತ್ತು ಈ ಗೊಂದಲದಿಂದ ಮೂರು ವರ್ಷ ಕಳೆದುಕೊಂಡ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಅಪರಾಧ ಏಕೆ ನಡೆಯುತ್ತದೆ, ಸಮಾಜವೂ ಕಾನೂನೂ ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದನ್ನು ಅಪರಾಧಶಾಸ್ತ್ರ ಕೇಳುತ್ತದೆ, ಅದು ಸಮಾಜವಿಜ್ಞಾನ. ಈ ರಕ್ತದ ಕಲೆ ಯಾರದು, ಈ ಗುಂಡು ಯಾವ ಬಂದೂಕಿನದು, ಈ ಸಹಿ ಅಸಲಿಯೇ ಎಂಬುದನ್ನು ವಿಧಿವಿಜ್ಞಾನ ಕೇಳುತ್ತದೆ. ಅದು ರಸಾಯನಶಾಸ್ತ್ರ, ಜೀವವಿಜ್ಞಾನ, ಭೌತಶಾಸ್ತ್ರಗಳ ಅನ್ವಯ. ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ವಿಷದ ಪರೀಕ್ಷೆ ಮಾಡುವವರು ಮೂಲತಃ ರಸಾಯನಶಾಸ್ತ್ರಜ್ಞರು, ಡಿಎನ್‌ಎ ನೋಡುವವರು ಜೀವವಿಜ್ಞಾನಿಗಳು. ಅಪರಾಧಶಾಸ್ತ್ರದ ಬಿ.ಎ. ಪದವಿ ಹಿಡಿದು ಆ ಮೇಜುಗಳ ಮುಂದೆ ಕೂರಲಾಗದು.

ನಿಮ್ಮ ಮಗ ವಿಜ್ಞಾನ ಓದಿರುವುದು ಒಳ್ಳೆಯದೇ ಆಯಿತು. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರವೋ ಜೀವವಿಜ್ಞಾನವೋ ಇರಲಿ, ವಿಶೇಷ ಪರಿಣತಿಯನ್ನು ಎಂ.ಎಸ್‌ಸಿ.ಯಲ್ಲಿ ಪಡೆಯಲಿ ಎಂಬುದು ನನ್ನ ಸಲಹೆ. ಬೆಂಗಳೂರಿನ ಹಲವು ಖಾಸಗಿ ಸಂಸ್ಥೆಗಳು ಬಿ.ಎಸ್‌ಸಿ.ಯಲ್ಲೇ ಫೊರೆನ್ಸಿಕ್ ಸೈನ್ಸ್ ಕೊಡುತ್ತಿವೆ. ಸೇರಿಸುವ ಮೊದಲು ಅಲ್ಲಿನ ಪ್ರಯೋಗಾಲಯದೊಳಗೆ ಹೋಗಿ, ಉಪಕರಣಗಳ ಮೇಲೆ ಧೂಳು ಕೂತಿದೆಯೇ ಎಂದು ನೋಡಿ ಬನ್ನಿ. ಸಂಸತ್ತಿನ ಕಾಯ್ದೆಯ ಮೂಲಕ 2020ರಲ್ಲಿ ಸ್ಥಾಪನೆಯಾದ, ಗಾಂಧಿನಗರದಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಧಾರವಾಡದಲ್ಲಿಯೂ ಆವರಣ ತೆರೆದಿದೆ.

ಈ ಕ್ಷೇತ್ರಕ್ಕೆ ಬೇಡಿಕೆ ಇದೆ ಎಂಬುದು ನಿಜ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಅವಕಾಶವಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ಕೊಟ್ಟು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಕರ್ನಾಟಕ ಪೊಲೀಸ್ ಇಲಾಖೆಯು ಅಪರಾಧ ನಡೆದ ಸ್ಥಳದಲ್ಲಿ ಭೌತಿಕ ಸಾಕ್ಷ್ಯ ಸಂಗ್ರಹಿಸಲೆಂದೇ ಸೋಕೊ ಎಂದು ಕರೆಯಲಾಗುವ ಅಧಿಕಾರಿಗಳನ್ನು ನೇಮಿಸಿಕೊಂಡಿದೆ. ಆದರೆ ಧಾರಾವಾಹಿಯಲ್ಲಿ ಒಂದೇ ಕಂತಿನಲ್ಲಿ ಮುಗಿಯುವ ಪರೀಕ್ಷೆ ವಾಸ್ತವದಲ್ಲಿ ತಿಂಗಳುಗಟ್ಟಲೆ ಸರದಿಯಲ್ಲಿ ಕಾಯುತ್ತದೆ. ವರದಿ ಬರೆದವರು ನ್ಯಾಯಾಲಯದಲ್ಲಿ ನಿಂತು ವಕೀಲರ ಪಾಟೀಸವಾಲನ್ನು ಎದುರಿಸಬೇಕಾಗುತ್ತದೆ. ವಿಜ್ಞಾನ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೂ ಮಿತಿಯಿದೆ. ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್‌ಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿತು. ಆ ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಮಗನಿಗೆ ಧಾರಾವಾಹಿಯ ಜೊತೆಗೆ ಆ ತೀರ್ಪಿನ ಕೆಲವು ಪುಟಗಳನ್ನೂ ಓದಲು ಕೊಡಿ. ಬೇಸರವಾಗದೆ ಓದಿದರೆ ಅವನ ಆಸಕ್ತಿ ನಿಜವಾದದ್ದೆಂದು ತಿಳಿಯಬಹುದು.

ಪ್ರಶ್ನೆ: ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ, ಸಮಾಜಶಾಸ್ತ್ರ ಮತ್ತು ಮನಃಶಾಸ್ತ್ರ ನನ್ನ ವಿಷಯಗಳು. ಸಮವಸ್ತ್ರದ ಕೆಲಸ ನನ್ನಿಂದಾಗದು. ಕೈದಿಗಳ ಜೊತೆ, ತಪ್ಪು ಮಾಡಿದ ಮಕ್ಕಳ ಜೊತೆ ಕೆಲಸ ಮಾಡಬೇಕೆಂದಿದೆ. ಅಂಥ ಹುದ್ದೆಗಳು ಇವೆಯೇ?
— ವಿದ್ಯಾರ್ಥಿ, ಕೆಂಗೇರಿ

ಉತ್ತರ: ಇವೆ, ಆದರೆ ಅವು ಜಾಹೀರಾತಿನಲ್ಲಿ ಮಿಂಚುವುದಿಲ್ಲ, ಸಂಬಳವೂ ಹಾಗೆಯೇ. ನಿಮ್ಮಂಥವರು ಬರೆಯುವುದು ಅಪರೂಪವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಮಕ್ಕಳ ಕಡೆಯದು. ಹದಿನೆಂಟು ತುಂಬದವರು ಅಪರಾಧ ಎಸಗಿದರೆಂಬ ಆರೋಪ ಬಂದಾಗ ಅವರನ್ನು ಕಾನೂನು 'ಆರೋಪಿ' ಎನ್ನುವುದಿಲ್ಲ, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು ಎನ್ನುತ್ತದೆ. ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಗುವಿನ ಮನೆ, ಶಾಲೆ, ಗೆಳೆಯರ ಗುಂಪು ಎಲ್ಲವನ್ನೂ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಬರೆಯುವವರು ಪರಿವೀಕ್ಷಣಾಧಿಕಾರಿ. ಮಗುವನ್ನು ಮನೆಗೆ ಕಳುಹಿಸಬೇಕೇ, ಬೇರೆಡೆ ಇರಿಸಬೇಕೇ ಎಂಬ ತೀರ್ಮಾನಕ್ಕೆ ಬಹುಮಟ್ಟಿಗೆ ಆ ವರದಿಯೇ ಆಧಾರ. ಕಾಗದದ ಮೇಲೆ ಅದು ಕೆಲವೇ ಪುಟ. ಅದನ್ನು ಬರೆಯಲು ಕೊಳೆಗೇರಿಯ ಒಂದು ಕೋಣೆಯ ಮನೆಗೆ ಹೋಗಿ, ಮಾತನಾಡಲು ಮನಸ್ಸಿಲ್ಲದ ತಂದೆಯ ಎದುರು ಅರ್ಧ ದಿನ ಕೂತಿರಬೇಕಾಗಬಹುದು. ನಿಮ್ಮ ಎರಡು ವಿಷಯಗಳು ನೇರವಾಗಿ ಬಳಕೆಗೆ ಬರುವುದು ಇಲ್ಲೇ. ಇದೇ ಸಂದರ್ಭದಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ: ಮಂಡಳಿಯ ಸದಸ್ಯರಿಗೆ 2015ರ ಬಾಲನ್ಯಾಯ ಕಾಯ್ದೆ ಹೇಳುವ ಅರ್ಹತೆ, ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಏಳು ವರ್ಷ, ಇಲ್ಲವೇ ಮಕ್ಕಳ ಮನಃಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿಯೊಂದಿಗೆ ವೃತ್ತಿನಿರತರಾಗಿರುವುದು. ಅಪರಾಧಶಾಸ್ತ್ರದ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಈ ವಿಷಯ ಕಲಿಸುವ ನಮ್ಮಂಥವರಿಗೆ ಅದು ಮುಜುಗರದ ಸಂಗತಿ, ನಿಮಗೆ ಅನುಕೂಲದ್ದು.

ವಯಸ್ಕರಿಗೂ ಇಂಥದೇ ಏರ್ಪಾಡೊಂದಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಪ್ರಕಾರ ತಪ್ಪಿತಸ್ಥನನ್ನು ಜೈಲಿಗೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ನ್ಯಾಯಾಲಯಗಳು ಇದನ್ನು ಇನ್ನೂ ಧಾರಾಳವಾಗಿ ಬಳಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಜೈಲಿನ ವಿಷಯಕ್ಕೆ ಬಂದರೆ, ಜೈಲರ್ ಹುದ್ದೆಗೂ ಸಮವಸ್ತ್ರವಿದೆಯೆಂಬುದನ್ನು ನೆನಪಿಸುತ್ತೇನೆ. ಆದರೆ ಪರಪ್ಪನ ಅಗ್ರಹಾರದ ಗೋಡೆಯೊಳಗೆ ಹೋಗಲು ಅದೊಂದೇ ದಾರಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧ ಸಾಬೀತಾಗದವರು. ಮೊದಲ ಬಾರಿ ಆರೋಪ ಹೊತ್ತವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ ಅವರನ್ನು ಬಾಂಡ್ ಮೇಲೆ ಬಿಡಬೇಕೆಂದು ಸುರಕ್ಷಾ ಸಂಹಿತೆಯ 479ನೆಯ ಸೆಕ್ಷನ್ ಹೇಳುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣಗಳಿರುವವರಿಗೆ ಇದು ಅನ್ವಯಿಸದು. ಹಾಗೆ ಅವಧಿ ತುಂಬಿದವರು ಯಾರೆಂದು ಲೆಕ್ಕ ಹಾಕಿ, ಅವರ ಅರ್ಜಿ ನ್ಯಾಯಾಲಯ ತಲುಪುವಂತೆ ಬೆನ್ನುಹತ್ತುವವರು ಬೇಕು. ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರಾಗಿ ಇದನ್ನು ಮಾಡಬಹುದು; ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಗೌರವಧನ ಅಲ್ಪ, ಅನುಭವ ಅಪಾರ.

ಮುಂದಿನ ಓದಿಗೆ ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ನಿಮಗೆ ಹೊಂದುತ್ತದೆ. ಮುಂಬೈನ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಅಪರಾಧಶಾಸ್ತ್ರ ಮತ್ತು ನ್ಯಾಯವನ್ನೇ ಒಳಗೊಂಡ ಸಮಾಜಕಾರ್ಯದ ಓದಿದೆ. ಅದರ 'ಪ್ರಯಾಸ್' ಯೋಜನೆ 1990ರಿಂದ ಕೈದಿಗಳ ನಡುವೆ ಕೆಲಸ ಮಾಡುತ್ತಿದೆ. ಅಷ್ಟು ದೂರ ಬೇಡವೆಂದರೆ ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯವೂ ಅಪರಾಧಶಾಸ್ತ್ರವೂ ಒಂದೇ ಆವರಣದಲ್ಲಿವೆ.

ಪ್ರಶ್ನೆ: ನಗರದ ಠಾಣೆಯೊಂದರಲ್ಲಿ ಎಂಟು ವರ್ಷಗಳಿಂದ ಕಾನ್‌ಸ್ಟೆಬಲ್ ಆಗಿದ್ದೇನೆ. ಪದವಿ ಇದೆ. ದೂರಶಿಕ್ಷಣದಲ್ಲಿ ಅಪರಾಧ ನ್ಯಾಯಕ್ಕೆ ಸಂಬಂಧಿಸಿದ ಏನಾದರೂ ಓದಿದರೆ ಬಡ್ತಿಗೆ ನೆರವಾದೀತೇ?
— ಹೆಸರು, ಬಡಾವಣೆ ಎರಡೂ ಬೇಡ

ಉತ್ತರ: ಬಡ್ತಿ ಮುಖ್ಯವಾಗಿ ಸೇವಾ ಹಿರಿತನ ಮತ್ತು ಇಲಾಖಾ ನಿಯಮಗಳ ಮೇಲೆ ನಿಂತಿದೆ, ಡಿಪ್ಲೊಮಾ ಅದನ್ನು ಬೇಗ ತರುವುದಿಲ್ಲ. ನಿಮಗೆ ಹತ್ತಿರದ ಮೆಟ್ಟಿಲು ಪಿಎಸ್‌ಐ ನೇಮಕಾತಿಯಲ್ಲಿ ಸೇವಾನಿರತರಿಗಿರುವ ಪ್ರತ್ಯೇಕ ಅವಕಾಶ. ಓದುವ ಸಮಯ ಮಿತವಾಗಿದ್ದರೆ ಮೊದಲು ಅದಕ್ಕೆ ಮೀಸಲಿಡಿ.

ಆದರೂ ಓದಿ ಎನ್ನುತ್ತೇನೆ. ಇಗ್ನೊದಲ್ಲಿ ಅಪರಾಧ ನ್ಯಾಯದ ಸ್ನಾತಕೋತ್ತರ ಡಿಪ್ಲೊಮಾ ಇದೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ಸೈಬರ್ ಕಾನೂನು ಮತ್ತು ಸೈಬರ್ ಫೊರೆನ್ಸಿಕ್ಸ್‌ನಲ್ಲಿ ಡಿಪ್ಲೊಮಾ ನಡೆಸುತ್ತದೆ. ಎಂಟು ವರ್ಷ ಬೀಟ್ ಮಾಡಿ, ಬಂದೋಬಸ್ತ್‌ನಲ್ಲಿ ನಿಂತು, ಸಮನ್ಸ್ ಹಿಡಿದು ಮನೆಮನೆ ಅಲೆದವರು ತರಗತಿಗೆ ಬಂದಾಗ ಪಾಠ ಹೇಳುವವನೇ ಎಚ್ಚರವಾಗಿ ಮಾತನಾಡಬೇಕಾಗುತ್ತದೆ. ಸಾಕ್ಷಿಗಳು ಏಕೆ ತಿರುಗಿಬೀಳುತ್ತಾರೆ ಎಂಬ ಅಧ್ಯಾಯವನ್ನು ನಾನು ಪುಸ್ತಕದಿಂದ ವಿವರಿಸುತ್ತಿದ್ದಾಗ ನಿಮ್ಮಂಥ ಒಬ್ಬರು ಎದ್ದು ನಿಂತು, "ಸಾರ್, ಐದು ಸಲ ವಾಯಿದೆಗೆ ಬಂದು ಐದು ದಿನದ ಕೂಲಿ ಕಳೆದುಕೊಂಡವನು ಆರನೇ ಸಲ ನನಗೇನೂ ನೆನಪಿಲ್ಲ ಎನ್ನದೆ ಇನ್ನೇನು ಹೇಳುತ್ತಾನೆ?" ಎಂದರು. ಆ ಅಧ್ಯಾಯದಲ್ಲಿ ಅಷ್ಟು ಸ್ಪಷ್ಟವಾದ ವಾಕ್ಯ ಇನ್ನೊಂದಿರಲಿಲ್ಲ.

ಪ್ರಶ್ನೆ: ಐಪಿಎಸ್ ನನ್ನ ಗುರಿ. ಯುಪಿಎಸ್‌ಸಿಯಲ್ಲಿ ಅಪರಾಧಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದೇ?
— ವಿದ್ಯಾರ್ಥಿ, ಜಯನಗರ

ಉತ್ತರ: ಇಲ್ಲ, ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಅದು ಸೇರಿಲ್ಲ. ಸಮಾಜಶಾಸ್ತ್ರ, ಮನಃಶಾಸ್ತ್ರ, ಮಾನವಶಾಸ್ತ್ರ, ಕಾನೂನು ಇವೆ. ಅಪರಾಧಶಾಸ್ತ್ರ ಓದಿದವರಿಗೆ ಸಮಾಜಶಾಸ್ತ್ರ ಹತ್ತಿರವಾದೀತು. ಡರ್ಕ್‌ಹೈಮ್, ಮರ್ಟನ್‌ರಂಥ ಸಮಾಜಶಾಸ್ತ್ರಜ್ಞರು ಎರಡೂ ಕಡೆ ಬರುತ್ತಾರೆ.

ಪ್ರಶ್ನೆ: ಬಿಸಿಎ ಓದುತ್ತಿದ್ದೇನೆ. ಸೈಬರ್ ಅಪರಾಧ ತನಿಖೆಯಲ್ಲಿ ಕೆಲಸ ಮಾಡಬೇಕೆಂದಿದೆ. ಕಂಪ್ಯೂಟರ್ ಬಿಟ್ಟು ಅಪರಾಧಶಾಸ್ತ್ರಕ್ಕೆ ಹೊರಳಬೇಕೇ?
— ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಬಿಡಬೇಡಿ. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾದದ್ದು ಇದೇ ಬೆಂಗಳೂರಿನಲ್ಲಿ, 2001ರಲ್ಲಿ. ಈಗ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆ ಸೆನ್ ಠಾಣೆಗಳೇ ಇವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬರುವ ಪ್ರಕರ‍ಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲವಾದ್ದರಿಂದ, ಪಿಎಸ್‌ಐ ಆಗಿ ಸೇರಿದರೂ ಸ್ವತಂತ್ರವಾಗಿ ತನಿಖೆ ನಡೆಸಲು ಕೆಲವು ವರ್ಷ ಕಾಯಬೇಕಾಗುತ್ತದೆ ಎಂಬುದು ಗಮನದಲ್ಲಿರಲಿ. ನಿಮಗೆ ಕಂಪ್ಯೂಟರ್ ಜ್ಞಾನದ ಜೊತೆಗೆ ಬೇಕಾದದ್ದು ಸಾಕ್ಷ್ಯದ ಕಾನೂನು. ಮೊಬೈಲಿನಿಂದ ತೆಗೆದ ಸಂದೇಶ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸುವ ಅದರ ಬೆರಳಚ್ಚಿನಂಥ ಸಂಕೇತ, ನಮೂದಾಗಿರಬೇಕು. ಹ್ಯಾಶ್ ಎಂದರೇನೆಂದು ತಿಳಿದ ವಕೀಲರೂ, ಪ್ರಮಾಣಪತ್ರ ಎಂದರೇನೆಂದು ತಿಳಿದ ಇಂಜಿನಿಯರರೂ ಇಬ್ಬರೂ ವಿರಳ. ಎರಡೂ ಬಲ್ಲವರಾದರೆ ಠಾಣೆ ಸಿಗದಿದ್ದರೂ ಬ್ಯಾಂಕುಗಳ ವಂಚನೆ ತಡೆ ವಿಭಾಗ, ಹೊರವರ್ತುಲ ರಸ್ತೆಯ ಕಂಪನಿಗಳ ಅಕ್ರಮ ಹಣ ವರ್ಗಾವಣೆ ಪತ್ತೆ ತಂಡಗಳು ಇವೆ.

ಅಪರಾಧಶಾಸ್ತ್ರದಿಂದ ನೀವು ಕಲಿಯಬೇಕಾದದ್ದು ಅಂಕಿಅಂಶಗಳನ್ನು ಓದುವ ಬಗೆ. ಮಹಾನಗರಗಳ ಪೈಕಿ ಸೈಬರ್ ಪ್ರಕರಣಗಳು ಹೆಚ್ಚು ದಾಖಲಾಗುವುದು ಬೆಂಗಳೂರಿನಲ್ಲಿ ಎಂದು ಪತ್ರಿಕೆಗಳು ಬರೆದಾಗ, ಇಲ್ಲಿ ಮೋಸ ಹೆಚ್ಚೋ ಅಥವಾ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡುವವರು ಹೆಚ್ಚೋ ಎಂದು ಕೇಳಿಕೊಳ್ಳಿ. ದಾಖಲೆಯಲ್ಲಿರುವುದು ನಡೆದ ಅಪರಾಧವಲ್ಲ, ವರದಿಯಾದ ಅಪರಾಧ. ನಾಚಿಕೆಗೆ ಅಂಜಿ ದೂರು ಕೊಡದೆ ಉಳಿದ ಹಿರಿಯರ ಲೆಕ್ಕ ಯಾವ ವರದಿಯಲ್ಲೂ ಸಿಗದು.

ಪ್ರಶ್ನೆ: ಅಪರಾಧಶಾಸ್ತ್ರ ಓದಿದರೆ ಖಾಸಗಿ ಪತ್ತೇದಾರರಾಗಲು ಲೈಸೆನ್ಸ್ ಸಿಗುತ್ತದೆಯೇ?
— ಓದುಗ, ಪೀಣ್ಯ

ಉತ್ತರ: ಪತ್ತೇದಾರಿ ಸಂಸ್ಥೆಗಳನ್ನು ನಿಯಂತ್ರಿಸಲು 2007ರಲ್ಲಿ ಸಂಸತ್ತಿನ ಮುಂದೆ ಬಂದ ಮಸೂದೆ ಕಾಯ್ದೆಯಾಗಲೇ ಇಲ್ಲ, ಆದ್ದರಿಂದ ನೀವು ಹೇಳುವಂಥ ಲೈಸೆನ್ಸ್ ಇಲ್ಲ. ಪೊಲೀಸರ ಯಾವ ಅಧಿಕಾರವೂ ಖಾಸಗಿ ಪತ್ತೇದಾರರಿಗಿಲ್ಲ. ಇನ್ನೊಬ್ಬರ ಫೋನಿಗೆ ಕಿವಿಗೊಟ್ಟರೆ ನೀವೇ ಆರೋಪಿಯಾಗುತ್ತೀರಿ.

ಪ್ರಶ್ನೆ: ಬಿ.ಎ. ಮೊದಲ ವರ್ಷ ಮುಗಿದಿದೆ, ಅಪರಾಧಶಾಸ್ತ್ರ ನನ್ನ ವಿಷಯಗಳಲ್ಲಿ ಒಂದು. ಒಂದೂವರೆ ತಿಂಗಳ ರಜೆಯಲ್ಲಿ, ಖರ್ಚಿಲ್ಲದೆ, ಈ ಕ್ಷೇತ್ರವನ್ನು ಹತ್ತಿರದಿಂದ ನೋಡುವುದು ಹೇಗೆ?
— ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಮೊದಲ ದಿನ ಫ್ರೀಡಂ ಪಾರ್ಕಿಗೆ ಹೋಗಿ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇರಿಸಿದ್ದ ಜಾಗ. ನಡುವಿನ ಕಾವಲು ಗೋಪುರದ ಬಳಿ ನಿಂತು ಸುತ್ತಲಿನ ಬ್ಯಾರಕ್‌ಗಳನ್ನು ನೋಡಿ, ಬಳಿಕ ಬ್ಯಾರಕ್ ಒಂದರ ಬಾಗಿಲಲ್ಲಿ ನಿಂತು ಗೋಪುರವನ್ನು ನೋಡಿ. ಒಬ್ಬ ಕಾವಲುಗಾರ ಎಲ್ಲರನ್ನೂ ನೋಡಬಲ್ಲ, ಆದರೆ ತನ್ನನ್ನು ನೋಡುತ್ತಿದ್ದಾನೆಯೇ ಎಂದು ಯಾವ ಕೈದಿಗೂ ತಿಳಿಯಬಾರದು ಎಂಬ ಬ್ರಿಟಿಷ್ ಚಿಂತಕ ಜೆರೆಮಿ ಬೆಂಥಾಮ್‌ನ ಕಲ್ಪನೆ ನಿಮಗೆ ಎರಡನೇ ವರ್ಷದಲ್ಲಿ ಪಾಠವಾಗಿ ಬರುತ್ತದೆ. ಅಲ್ಲಿ ನಿಂತು ಬಂದವರಿಗೆ ಅದನ್ನು ಬಾಯಿಪಾಠ ಮಾಡಬೇಕಾಗಿ ಬರುವುದಿಲ್ಲ.

ಉಳಿದ ದಿನಗಳನ್ನು ನ್ಯಾಯಾಲಯಕ್ಕೆ ಕೊಡಿ. ಕ್ರಿಮಿನಲ್ ವಿಚಾರಣೆ ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲಿ ನಡೆಯಬೇಕೆಂದು ಸುರಕ್ಷಾ ಸಂಹಿತೆಯ 366ನೆಯ ಸೆಕ್ಷನ್ ಹೇಳುತ್ತದೆ. ಜಾಗವಿದ್ದಷ್ಟು ಜನ ಕುಳಿತು ನೋಡಬಹುದು. ಅತ್ಯಾಚಾರದಂಥ ಪ್ರಕರಣಗಳು ಮತ್ತು ಪೋಕ್ಸೊ ವಿಚಾರಣೆಗಳು ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತವೆ, ಅತ್ತ ಹೋಗಬೇಡಿ. ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಒಂದನ್ನು ಆರಿಸಿಕೊಂಡು ವಾರವಿಡೀ ಅದೇ ಹಾಲ್‌ನಲ್ಲಿ ಕೂರಿ. ದಿನಕ್ಕೊಂದು ಕಡೆ ಓಡಾಡಿದರೆ ಏನೂ ಅರ್ಥವಾಗದು. ಒಂದು ನೋಟ್‌ಪುಸ್ತಕದಲ್ಲಿ ಮೂರೇ ಸಂಗತಿ ಬರೆದುಕೊಳ್ಳಿ: ಎಷ್ಟು ಪ್ರಕರಣಗಳನ್ನು ಕರೆದರು, ಎಷ್ಟರಲ್ಲಿ ಸಾಕ್ಷಿ ಬಂದಿದ್ದರು, ಎಷ್ಟು ಮುಂದೂಡಲ್ಪಟ್ಟವು ಮತ್ತು ಏಕೆ. ಬೆಳಗ್ಗೆ ಬೇಗ ಹೋಗಿ, ಮೊಬೈಲ್ ಆಫ್ ಮಾಡಿಡಿ, ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲಿ. ಯಾರು ನೀವು ಎಂದು ಪೊಲೀಸರು ಕೇಳಿದರೆ ವಿದ್ಯಾರ್ಥಿನಿ ಎಂದು ಗುರುತಿನ ಚೀಟಿ ತೋರಿಸಿ. ಮೂರನೇ ದಿನದ ಹೊತ್ತಿಗೆ ಬೆಂಚ್ ಕ್ಲರ್ಕ್ ನಿಮ್ಮನ್ನು ಗುರುತು ಹಿಡಿದು, ಈವತ್ತು ಪಾಟೀಸವಾಲು ಇದೆ, ಮುಂದಿನ ಬೆಂಚಿಗೆ ಬನ್ನಿ ಎನ್ನಬಹುದು.